ಗಲ್ಲಾಪೆಟ್ಟಿಗೆಗೂ ಕಿವಿ ಬೇಕು

ಹೋದ ವರ್ಷ ಯುಗಾದಿಯ ಬೆಳಿಗ್ಗೆ ನಮ್ಮ ಮನೆಯ ಮಿಕ್ಸಿ ಕೈಕೊಟ್ಟಿತು. ಕೊಂಡು ಏಳು ತಿಂಗಳೂ ಆಗಿರಲಿಲ್ಲ. ಒಬ್ಬಟ್ಟಿನ ಹೂರಣ ಅರ್ಧ ರುಬ್ಬಿತ್ತು. ಜಾರಿನ ಬುಡದಿಂದ ಸುಟ್ಟ ರಬ್ಬರಿನ ವಾಸನೆ ಬಂತು, ಆಮೇಲೆ ಸದ್ದಿಲ್ಲ. ಉಳಿದರ್ಧವನ್ನು ಅಮ್ಮ ಹಿತ್ತಿಲ ಒರಳುಕಲ್ಲು ತೊಳೆಸಿ ರುಬ್ಬಿದರು, ಮೊಣಕಾಲು ಹಿಡಿದುಕೊಂಡು ಎದ್ದರು. ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದರೆ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೇಳಿ ಹದಿನೆಂಟು ನಿಮಿಷ ಸಂಗೀತ ಕೇಳಿಸಿ ಕಟ್ ಮಾಡಿದರು.

ಸಂಜೆ ಅದೇ ಕಂಪನಿಯ ಇನ್‌ಸ್ಟಾಗ್ರಾಂ ಪುಟದಲ್ಲಿ ಬೇವು-ಬೆಲ್ಲದ ಚಿತ್ರ ಹಾಕಿ ಹಬ್ಬದ ಶುಭಾಶಯ ಕೋರಿದ್ದು ಕಂಡಿತು. ಕೆಳಗೆ ಬರೆದೆ: ‘ಭಲೇ ಮಿಕ್ಸಿ ಕೊಟ್ಟಿರಿ ಸ್ವಾಮಿ. ಹಬ್ಬದ ದಿನ ಅಮ್ಮನಿಗೆ ಒರಳುಕಲ್ಲಿನ ನೆನಪು ಮಾಡಿಸಿದ ಪುಣ್ಯ ನಿಮ್ಮದು.’ ಹತ್ತೇ ನಿಮಿಷಕ್ಕೆ ಉತ್ತರ ಬಂತು. ಒಂದು ಕೆಂಪು ಹೃದಯ, ಒಂದು ಜೋಡಿಸಿದ ಕೈ, ಜತೆಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಸವಿನೆನಪನ್ನು ಹಂಚಿಕೊಂಡಿದ್ದಕ್ಕೆ ವಂದನೆಗಳಂತೆ, ಸದಾ ಅವರ ಕುಟುಂಬದ ಭಾಗವಾಗಿರಬೇಕಂತೆ.

ಮೊದಲು ಸಿಟ್ಟು ಬಂತು, ಆಮೇಲೆ ನಗು. ಓದಿದ್ದು ಮನುಷ್ಯನೋ ಯಂತ್ರವೋ ಗೊತ್ತಿಲ್ಲ. ಯಾರೇ ಆಗಿರಲಿ, ಅವರ ಕಣ್ಣಿಗೆ ಬಿದ್ದದ್ದು ಅಮ್ಮ, ಹಬ್ಬ, ನೆನಪು, ಪುಣ್ಯ ಎಂಬ ನಾಲ್ಕು ಮಾತು. ನಾಲ್ಕೂ ಒಳ್ಳೆಯವೇ. ಆ ದಿನದ ಅವರ ಲೆಕ್ಕದಲ್ಲಿ ನಾನೊಬ್ಬ ಸಂತೃಪ್ತ ಗ್ರಾಹಕ.

ಈ ಲೆಕ್ಕಕ್ಕೆ ಮಾರುಕಟ್ಟೆಯವರು ‘ಸೋಷಿಯಲ್ ಲಿಸನಿಂಗ್’ ಎನ್ನುತ್ತಾರೆ. ಫೇಸ್‌ಬುಕ್, ಎಕ್ಸ್, ಇನ್‌ಸ್ಟಾಗ್ರಾಂ, ಯೂಟ್ಯೂಬುಗಳಲ್ಲಿ ತಮ್ಮ ಹೆಸರು ಎಲ್ಲೆಲ್ಲಿ ಬಂತು ಎಂದು ಒಂದು ತಂತ್ರಾಂಶ ಹೆಕ್ಕುತ್ತದೆ. ಹೆಕ್ಕಿದ್ದನ್ನು ಹೊಗಳಿಕೆ, ತೆಗಳಿಕೆ, ಎರಡೂ ಅಲ್ಲದ್ದು ಎಂದು ಮೂರು ಬುಟ್ಟಿಗೆ ಹಾಕುತ್ತದೆ. ಇಂಗ್ಲಿಷಿನಲ್ಲಿ ನೇರವಾಗಿ ಬೈದರೆ ಕೆಲಸ ಸಲೀಸು. ನಾವು ಹಾಗೆ ಬೈಯುವವರಲ್ಲವಲ್ಲ. ‘ಸಕತ್ತಾಗಿದೆ ಗುರು ನಿಮ್ ಸರ್ವಿಸು’ ಎಂಬುದನ್ನು ಯಾವ ಬುಟ್ಟಿಗೆ ಹಾಕುತ್ತೀರಿ? ಒಬ್ಬರು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾರೆ, ಮೂರನೆಯವರು ವಾಟ್ಸ್‌ಆ್ಯಪಿನಲ್ಲಿ ಒಂದೂವರೆ ನಿಮಿಷ ಮಾತಾಡಿ ಕಳಿಸುತ್ತಾರೆ. ಮಂಗಳೂರಿನವರ ಕೋಪಕ್ಕೂ ಕಲಬುರಗಿಯವರ ಕೋಪಕ್ಕೂ ಧಾಟಿ ಬೇರೆ. ಇನ್ನು ‘ಆಯ್ತು ಬಿಡಿ’ ಎಂದುಬಿಟ್ಟರಂತೂ ಮುಗಿಯಿತು. ಆ ಗಿರಾಕಿ ಮತ್ತೆ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದು ನಮ್ಮೂರಿನ ಯಾವ ದಿನಸಿ ಅಂಗಡಿಯವರಿಗೂ ಗೊತ್ತು. ತಂತ್ರಾಂಶ ಅದನ್ನು ಸಮಾಧಾನದ ಮಾತು ಎಂದು ಬರೆದುಕೊಳ್ಳುತ್ತದೆ.

ಗಿರಾಕಿಯ ಮಾತು ಕೇಳದೆ ಕೆಟ್ಟವರ ಕಥೆಗೆ ಸಾಮಾಜಿಕ ಜಾಲತಾಣವೇ ಬೇಕಿಲ್ಲ. 1985ರ ಏಪ್ರಿಲ್‌ನಲ್ಲಿ ಕೋಕಾಕೋಲಾ ಕಂಪನಿ ಅಮೆರಿಕದಲ್ಲಿ ತನ್ನ ಪಾನೀಯದ ರುಚಿ ಬದಲಿಸಿತು. ಅದಕ್ಕೆ ಮುಂಚೆ ದಿನಕ್ಕೆ 400 ಕರೆ ಬರುತ್ತಿದ್ದ ಸಹಾಯವಾಣಿಗೆ ಜೂನ್ ಹೊತ್ತಿಗೆ 1,500 ಬರತೊಡಗಿದವು. 79 ದಿನಕ್ಕೆ ಹಳೆಯ ರುಚಿ ವಾಪಸ್ ಬಂತು. ಜಾಲತಾಣ ಬಂದ ಮೇಲೆ ಬದಲಾದದ್ದು ಏನೆಂದರೆ, ದೂರು ಹೇಳುವಾಗ ಊರೆಲ್ಲ ಸುತ್ತ ನಿಂತು ಕೇಳುತ್ತದೆ. ಕೆನಡಾದ ಗಾಯಕ ಡೇವ್ ಕ್ಯಾರಲ್ 2008ರಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಲ್ಲಿ ಹೋಗುವಾಗ ಅವರ ಟೇಲರ್ ಗಿಟಾರ್ ಮುರಿಯಿತು. 24 ಗಂಟೆಯೊಳಗೆ ದೂರು ಕೊಟ್ಟಿಲ್ಲ ಎಂದು ಕಂಪನಿ ತಿಂಗಳುಗಟ್ಟಲೆ ಅಲೆಸಿ ಕೈತೊಳೆದುಕೊಂಡಿತು. 2009ರ ಜುಲೈಯಲ್ಲಿ ಅವರು ಅದನ್ನೇ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿದರು. ಒಂದೇ ದಿನದಲ್ಲಿ ಲಕ್ಷಕ್ಕೂ ಮೀರಿ ಜನ ನೋಡಿದರು. ಆಮೇಲೆ ಕಂಪನಿ ಪರಿಹಾರ ಕೊಡಲು ಮುಂದೆ ಬಂತು. ಕ್ಯಾರಲ್ ತೆಗೆದುಕೊಳ್ಳಲಿಲ್ಲ.

ಡೆಲ್ ಕಂಪ್ಯೂಟರಿನವರಿಗೂ ಹೀಗೇ ಏಟು ಬಿದ್ದಿತ್ತು. ಪತ್ರಕರ್ತ ಜೆಫ್ ಜಾರ್ವಿಸ್ 2005ರಲ್ಲಿ ತಮ್ಮ ಕೆಟ್ಟ ಲ್ಯಾಪ್‌ಟಾಪಿನ ಬಗ್ಗೆ ಬರೆದದ್ದೇ ಸಾಕಾಯಿತು, ಅಂಥ ನೊಂದವರೆಲ್ಲ ಒಟ್ಟಾಗಿ ದನಿಗೂಡಿಸಿದರು. ಆ ಕಂಪನಿ ಪಾಠ ಕಲಿತು, 2010ರ ಡಿಸೆಂಬರಿನಲ್ಲಿ ಟೆಕ್ಸಸ್‌ನ ರೌಂಡ್ ರಾಕ್‌ನಲ್ಲಿ ಗೋಡೆ ತುಂಬ ಪರದೆಗಳಿರುವ ಕೇಳುವ ಕೋಣೆಯನ್ನೇ ತೆರೆಯಿತು. ಆ ಮಾದರಿ ಜಗತ್ತೆಲ್ಲ ಹಬ್ಬಿತು. ನಮ್ಮ ದೊಡ್ಡ ಕಂಪನಿಗಳ ಕಚೇರಿಗಳಲ್ಲೂ ಅಂಥ ಪರದೆಗಳು ಹೊಳೆಯುತ್ತಿವೆ.

ಇಲ್ಲಿಂದ ನಮ್ಮ ಹಾಲಿನ ಪ್ಯಾಕೆಟ್ಟಿಗೆ ಬರೋಣ. ಕರ್ನಾಟಕದಲ್ಲಿ ಗಿರಾಕಿಗಳು ಜಾಲತಾಣದಲ್ಲಿ ಹೇಗೆ ಮಾತಾಡುತ್ತಾರೆ ಎಂದು ತಿಳಿಯಬೇಕಾದವರು 2023ರ ಮಾರ್ಚ್‌-ಏಪ್ರಿಲ್ ನೆನಪಿಸಿಕೊಂಡರೆ ಸಾಕು. ಮೊದಲು ಬಂದದ್ದು ಮೊಸರಿನ ಜಗಳ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಎಂದು ಮುದ್ರಿಸಿ, ‘ಮೊಸರು’ ಎಂಬುದನ್ನು ಬೇಕಾದರೆ ಕಂಸದಲ್ಲಿ ಹಾಕಿ ಎಂದಿತು. ತಮಿಳುನಾಡಿನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಟ್ವೀಟ್ ಮಾಡಿದರು. ಇಲ್ಲಿ ಜನ ತಮ್ಮ ಮನೆಯ ಫ್ರಿಜ್ಜಿನ ಪ್ಯಾಕೆಟ್ಟಿನ ಫೋಟೊ ತೆಗೆದು ಹಾಕಿ, ಅನ್ನಕ್ಕೆ ಕಲಸುವುದು ಮೊಸರೋ ದಹಿಯೋ ಎಂದು ಕೇಳಿದರು. ಮಾರ್ಚ್ 30ರಂದು ಪ್ರಾಧಿಕಾರ ಆದೇಶ ತಿದ್ದಿತು.

ಅದಾಗಿ ವಾರವೂ ಕಳೆದಿರಲಿಲ್ಲ. ಏಪ್ರಿಲ್ 5ರಂದು ಅಮುಲ್ ಬೆಂಗಳೂರಿಗೆ ತಾಜಾ ಹಾಲು-ಮೊಸರು ತರುತ್ತಿದ್ದೇವೆ ಎಂದು ಒಂದು ಟ್ವೀಟ್ ಹಾಕಿತು. ಬೇರೆ ಯಾವ ಊರಿನಲ್ಲಾದರೂ ಅದು ಒಂದು ಸಾಮಾನ್ಯ ಜಾಹೀರಾತು. ಇಲ್ಲಿ ಚುನಾವಣೆಗೆ ತಿಂಗಳೊಂದು ಉಳಿದಿತ್ತು. ಮೊಸರಿನ ಗಾಯ ಹಸಿಯಾಗಿತ್ತು. ಅಮುಲ್-ನಂದಿನಿ ಕೈಜೋಡಿಸಬೇಕು ಎಂದು ಕೇಂದ್ರ ಸಚಿವ ಅಮಿತ್ ಶಾ ಹಿಂದಿನ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಹೇಳಿದ್ದನ್ನು ಜನ ಮರೆತಿರಲಿಲ್ಲ. ‘ಸೇವ್ ನಂದಿನಿ’, ‘ಗೋ ಬ್ಯಾಕ್ ಅಮುಲ್’ ಎಂಬ ಹ್ಯಾಷ್‌ಟ್ಯಾಗ್‌ಗಳು ಎದ್ದವು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸುತ್ತೇವೆ ಎಂದು ಸಾರಿತು. ನಂದಿನಿಯ ಜತೆ ನಾವು ಸ್ಪರ್ಧೆಗೆ ಬಂದಿಲ್ಲ, ಆನ್‌ಲೈನಿನಲ್ಲಿ ಮಾತ್ರ ಮಾರುತ್ತೇವೆ ಎಂದು ಅಮುಲ್‌ನ ಮುಖ್ಯಸ್ಥರು ವಿವರಣೆ ಕೊಡಬೇಕಾಯಿತು. ಅಷ್ಟು ಹೊತ್ತಿಗೆ ಗಾಡಿ ತಪ್ಪಿತ್ತು. ಟ್ವೀಟ್ ಬರೆದವರು ಅದಕ್ಕೂ ಮುಂಚೆ ಒಂದು ವಾರ ಕನ್ನಡಿಗರ ಟೈಮ್‌ಲೈನ್ ಓದಿದ್ದರೆ ಸಾಕಿತ್ತು, ‘ಹೊಸ ತಾಜಾತನದ ಅಲೆ’ ಎಂಬಂಥ ಪದ ಹುಡುಕುವ ಶ್ರಮ ತಪ್ಪುತ್ತಿತ್ತು. 1966ರಿಂದ ಊರಿನ ನಾಡಿ ಹಿಡಿದು ಪೋಸ್ಟರ್ ಬರೆಸುತ್ತಾ ಬಂದ, ಚುಕ್ಕಿ ಫ್ರಾಕಿನ ಹುಡುಗಿಯ ಕಂಪನಿಯೇ ಹೀಗೆ ಎಡವಿದ್ದು ನನಗೆ ಇಂದಿಗೂ ಸೋಜಿಗ.

ಹಾಗೆಂದು ನಂದಿನಿಯವರ ಕಿವಿ ಬಹಳ ಚುರುಕು ಎಂದುಕೊಳ್ಳಬೇಡಿ. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿ.ಲೀ. ಹೆಚ್ಚು ಹಾಲು ತುಂಬಿ ಎರಡು ರೂಪಾಯಿ ಹೆಚ್ಚು ತೆಗೆದುಕೊಂಡರು. ಇದು ದರ ಏರಿಕೆ ಅಲ್ಲ, ಹಾಲು ಜಾಸ್ತಿ ಕೊಟ್ಟಿದ್ದೇವೆ ಎಂದರು. ಮೂರು ಲೋಟ ಕಾಫಿಗೆ ಅರ್ಧ ಲೀಟರಿನ ಲೆಕ್ಕ ಇಟ್ಟುಕೊಂಡಿದ್ದ ಮನೆಯವರು ಆ ಹೆಚ್ಚುವರಿ 50 ಮಿ.ಲೀ.ಯನ್ನು ನಾವು ಕೇಳಿದ್ದೆವೇ ಎಂದು ಜಾಲತಾಣದಲ್ಲಿ ಬರೆದೇ ಬರೆದರು. ಉತ್ತರ ಬರಲಿಲ್ಲ. ಕೊನೆಗೆ 2025ರ ಏಪ್ರಿಲ್ 1ರಿಂದ ಆ 50 ಮಿ.ಲೀ. ಹೋಯಿತು, ಲೀಟರಿಗೆ ನಾಲ್ಕು ರೂಪಾಯಿ ಏರಿತು. ಪ್ರೀತಿ ಇದ್ದಲ್ಲಿ ಗಿರಾಕಿ ಜಗಳವಾಡಿಯೂ ಮರುದಿನ ಅದೇ ಪ್ಯಾಕೆಟ್ ಕತ್ತರಿಸುತ್ತಾನೆ. ಅದು ನಂದಿನಿಯವರ ಅದೃಷ್ಟ. ಅದೃಷ್ಟವನ್ನೇ ಜಾಣ್ಮೆ ಎಂದುಕೊಂಡರೆ ಅಪಾಯ.

ಮೈಸೂರು ಸ್ಯಾಂಡಲ್ ಸೋಪಿನ ಪ್ರಕರಣ ಇದಕ್ಕಿಂತ ಸೂಕ್ಷ್ಮವಾದದ್ದು. ನಾಲ್ವಡಿಯವರ ಕಾಲದಲ್ಲಿ ಹುಟ್ಟಿ, ಎಷ್ಟೋ ಮನೆಗಳಲ್ಲಿ ಬೀರುವಿನ ಸೀರೆಗಳ ನಡುವೆ ಪರಿಮಳಕ್ಕೆಂದೇ ಜಾಗ ಪಡೆದ ಸೋಪು ಅದು. 2025ರ ಮೇ ತಿಂಗಳಲ್ಲಿ ಸರ್ಕಾರ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷ ಎರಡು ದಿನಕ್ಕೆ, ₹6.20 ಕೋಟಿಗೆ ರಾಯಭಾರಿಯನ್ನಾಗಿ ನೇಮಿಸಿತು. ನಮ್ಮವರು ಯಾರೂ ಸಿಗಲಿಲ್ಲವೇ ಎಂಬ ಪ್ರಶ್ನೆ ಗಂಟೆಗಳಲ್ಲಿ ಊರು ತುಂಬಿತು. ಡಾ. ರಾಜ್‌ಕುಮಾರ್, ಆಮೇಲೆ ಪುನೀತ್ ಒಂದು ರೂಪಾಯಿ ತೆಗೆದುಕೊಳ್ಳದೆ ನಂದಿನಿಗೆ ರಾಯಭಾರಿಗಳಾಗಿದ್ದರು ಎಂದು ನೆನಪಿಸಿದವರೂ ಇದ್ದರು. ಸಚಿವ ಎಂ.ಬಿ. ಪಾಟೀಲರು ಸುಮ್ಮನಿರದೆ ಎಕ್ಸ್‌ನಲ್ಲೇ ಉತ್ತರಿಸಿದ್ದು ಮೆಚ್ಚತಕ್ಕದ್ದು. ಕನ್ನಡ ಚಿತ್ರರಂಗದ ಬಗ್ಗೆ ಗೌರವವಿದೆ, ರಾಜ್ಯದ ಆಚೆಯ ಮಾರುಕಟ್ಟೆ ಹಿಡಿಯಬೇಕು, 2028ಕ್ಕೆ ₹5,000 ಕೋಟಿ ವಹಿವಾಟು ಮುಟ್ಟಬೇಕು ಎಂದರು. ವ್ಯಾಪಾರದ ಲೆಕ್ಕ ಸರಿಯೇ ಇರಬಹುದು. ಆದರೆ ಜನ ಕೇಳಿದ್ದು ಲೆಕ್ಕವನ್ನಲ್ಲ. ಇದು ನಮ್ಮ ಸೋಪು ಎಂದು ಅವರು ಹೇಳುತ್ತಿದ್ದರು. ಆ ಮಾತನ್ನು ಒಪ್ಪಿಕೊಂಡು ಆಮೇಲೆ ಲೆಕ್ಕ ಹೇಳಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ನೇಮಕಕ್ಕೆ ಮೊದಲು ಕೇಳಬಹುದಾಗಿದ್ದ ಮಾತಿಗೆ ನೇಮಕದ ನಂತರ ಕೊಟ್ಟ ಉತ್ತರ ಎಷ್ಟು ಚೆನ್ನಾಗಿದ್ದರೂ ಸಮಜಾಯಿಷಿಯಂತೆಯೇ ಕೇಳಿಸುತ್ತದೆ.

ಬೇಗ ಕಿವಿಗೊಟ್ಟವರೂ ಇದ್ದಾರೆ. 2024ರ ಮಾರ್ಚ್ 19ರಂದು ಜೊಮ್ಯಾಟೊ ಶುದ್ಧ ಸಸ್ಯಾಹಾರಿಗಳಿಗೆಂದು ಹಸಿರು ಅಂಗಿಯ ಪ್ರತ್ಯೇಕ ಪಡೆ ಘೋಷಿಸಿತು. ಹಾಗಾದರೆ ಕೆಂಪು ಅಂಗಿಯ ಹುಡುಗನನ್ನು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ತಡೆಯುತ್ತಾರಲ್ಲ, ಬಾಡಿಗೆ ಮನೆಯವರು ಏನು ತರಿಸಿದರೆಂದು ಮಾಲೀಕರಿಗೆ ಗೊತ್ತಾಗುತ್ತದಲ್ಲ ಎಂದು ಜನ ಕೇಳಿದರು. ಮರುದಿನವೇ ಹಸಿರು ಅಂಗಿ ಹೋಯಿತು, ಎಲ್ಲರಿಗೂ ಕೆಂಪೇ ಎಂದು ಮುಖ್ಯಸ್ಥ ದೀಪಿಂದರ್ ಗೋಯಲ್ ಪ್ರಕಟಿಸಿದರು. ತೀರ್ಮಾನ ಮಾಡಬಲ್ಲವನೇ ಕಮೆಂಟು ಓದುತ್ತಿದ್ದುದರಿಂದ ಒಂದು ದಿನದಲ್ಲಿ ಆದ ಕೆಲಸ ಇದು. ಫೋನ್‌ಪೇಯಲ್ಲಿ ಆದದ್ದು ಉಲ್ಟಾ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಿಡುವ ರಾಜ್ಯ ಸರ್ಕಾರದ ಮಸೂದೆಯನ್ನು ಅದರ ಮುಖ್ಯಸ್ಥರು 2024ರ ಜುಲೈಯಲ್ಲಿ ಟೀಕಿಸಿದಾಗ, ಕನ್ನಡಿಗರು ಆ್ಯಪನ್ನೇ ಅಳಿಸುವ ಅಭಿಯಾನ ಹೂಡಿದರು. ಕೆಲವೇ ದಿನಗಳಲ್ಲಿ ಬೇಷರತ್ ಕ್ಷಮೆ ಬಂತು. ಬೆಂಗಳೂರಿನಲ್ಲೇ ಕಚೇರಿ ಇಟ್ಟುಕೊಂಡ ಕಂಪನಿಗೆ ಊರಿನ ದನಿ ಕೇಳಿಸಿದ್ದು ಆ್ಯಪ್ ಅಳಿಸಿದ ಸದ್ದಿನಲ್ಲಿ.

ಕೇಳುವುದೆಂದರೆ ಹೇಳಿದ್ದಕ್ಕೆಲ್ಲ ಕುಣಿಯುವುದೂ ಅಲ್ಲ. 2019ರಲ್ಲಿ ಜಬಲ್‌ಪುರದ ಗಿರಾಕಿಯೊಬ್ಬರು ಊಟ ತರುವವನ ಧರ್ಮದ ಕಾರಣಕ್ಕೆ ಆರ್ಡರ್ ರದ್ದು ಮಾಡಿ ಅದನ್ನು ಹೇಳಿಕೊಂಡಾಗ, ಊಟಕ್ಕೆ ಧರ್ಮವಿಲ್ಲ ಎಂದು ಇದೇ ಜೊಮ್ಯಾಟೊ ಬಹಿರಂಗವಾಗಿ ಹೇಳಿ ಆ ವ್ಯಾಪಾರ ಬಿಟ್ಟುಕೊಟ್ಟಿತು. ಮರುವರ್ಷದ ಅಕ್ಟೋಬರಿನಲ್ಲಿ ತನಿಷ್ಕ್‌ಗೆ ಆ ಸ್ಥಿತಿ ಇರಲಿಲ್ಲ. ಮುಸ್ಲಿಂ ಮನೆಯ ಹಿಂದೂ ಸೊಸೆಗೆ ಸೀಮಂತ ಮಾಡುವ ಅದರ ಜಾಹೀರಾತಿನ ವಿರುದ್ಧ ಬಹಿಷ್ಕಾರದ ಕೂಗೆದ್ದಾಗ, ಅಂಗಡಿ ಸಿಬ್ಬಂದಿಯ ಕ್ಷೇಮವನ್ನೂ ಹೆಸರಿಸಿ ಕಂಪನಿ ಜಾಹೀರಾತನ್ನು ಹಿಂತೆಗೆದುಕೊಂಡಿತು. ಕೂಗಿದವರಲ್ಲಿ ಬಳೆ ಕೊಳ್ಳುವವರು ಎಷ್ಟು, ಕೂಗಲೆಂದೇ ಬಂದವರು ಎಷ್ಟು ಎಂದು ಪರದೆ ಹೇಳುವುದಿಲ್ಲ. ಅಲ್ಲಿ ಕೌಂಟರಿನಲ್ಲಿ ನಿಂತ ಹುಡುಗಿಯ ಭಯಕ್ಕೆ ಬೆಲೆ ಕೊಟ್ಟದ್ದನ್ನು ಹೇಡಿತನ ಎನ್ನಲು ನನಗೆ ಬಾಯಿ ಬಾರದು.

ಇಷ್ಟೆಲ್ಲ ಪರದೆ, ತಂತ್ರಾಂಶ ಇದ್ದೂ ನನ್ನ ಮಿಕ್ಸಿಗೆ ಹೃದಯದ ಚಿತ್ರ ಬಂದದ್ದೇಕೆ? ಜಾಹೀರಾತು ಏಜೆನ್ಸಿಯೊಂದರಲ್ಲಿ ಕೆಲಸ ಮಾಡುವ ಹಾಸನದ ಕಡೆಯ ಹುಡುಗನೊಬ್ಬ ನನಗೆ ಪರಿಚಯ. ಐದು ಕಂಪನಿಗಳ ಪುಟಗಳನ್ನು ಒಬ್ಬನೇ ನೋಡಿಕೊಳ್ಳುತ್ತಾನೆ. ಬೆಳಿಗ್ಗೆ ಟೂತ್‌ಪೇಸ್ಟು, ಮಧ್ಯಾಹ್ನ ಪ್ರೆಷರ್ ಕುಕ್ಕರ್. ಅವನನ್ನೇ ಕೇಳಿದೆ. ‘ಮ್ಯಾಟರ್ ಏನೇ ಇರ್ಲಿ ಸರ್, ಹದಿನೈದು ನಿಮಿಷದಲ್ಲಿ ರಿಪ್ಲೈ ಬೀಳ್ಬೇಕು. ಅದನ್ನ ಮಾತ್ರ ಲೆಕ್ಕ ಹಾಕ್ತಾರೆ. ಪ್ರಾಬ್ಲಂ ಸಾಲ್ವ್ ಆಯ್ತಾ ಅನ್ನೋದು ಬೇರೆ ಟೀಮು.’ ಆ ಬೇರೆ ಟೀಮು ಯಾವ ಊರಲ್ಲಿದೆ ಎಂದು ಅವನಿಗೂ ಗೊತ್ತಿಲ್ಲ. ಟಿಕೆಟ್ ಎತ್ತಿ ಕಳಿಸುತ್ತಾನೆ, ಅದು ಮೇಲೆ ಹೋಗುತ್ತದೆ, ಮೇಲೆ ಏನಾಗುತ್ತದೋ. ಸಿದ್ಧ ಉತ್ತರಗಳ ಒಂದು ಹಾಳೆ ಇದೆ. ಅದರಲ್ಲಿ ನಲವತ್ತು ಇಂಗ್ಲಿಷ್ ಉತ್ತರ, ಹತ್ತು ಹಿಂದಿ ಉತ್ತರ. ಕನ್ನಡದ್ದು ಎಷ್ಟಿದೆಯಪ್ಪಾ ಎಂದರೆ ನಕ್ಕ. ‘ಹಬ್ಬದ ವಿಶ್ ಮಾತ್ರ ಕನ್ನಡದಲ್ಲಿ ಹಾಕ್ತೀವಿ ಸರ್.’

ಊರಿನ ಎಲ್ಲ ಕಂಪನಿಗಳೂ ಹೀಗೆಯೇ ಎನ್ನಲಾರೆ. ಆದರೆ ರೋಗದ ಬೇರು ಇಲ್ಲಿದೆ. ಓದುವವನ ಕೈಯಲ್ಲಿ ಅಧಿಕಾರವಿಲ್ಲ, ಅಧಿಕಾರವಿರುವವನು ಓದುವುದಿಲ್ಲ. ದೂರಿನ ಕೆಳಗೆ ಅವರು ಬರೆಯುವ ‘ಡಿಎಂ ಮಾಡಿ’, ಅಂದರೆ ಖಾಸಗಿಯಾಗಿ ಸಂದೇಶ ಕಳಿಸಿ ಎಂಬುದು ಪರಿಹಾರವಲ್ಲ, ಜಗಳವನ್ನು ಜಗಲಿಯಿಂದ ಒಳಮನೆಗೆ ಕರೆದೊಯ್ಯುವ ಉಪಾಯ. ಒಳಗೆ ಹೋದ ಮೇಲೆ ನೋಂದಾಯಿತ ಮೊಬೈಲ್ ಸಂಖ್ಯೆ ಕೇಳುತ್ತಾರೆ, ಮೂರು ದಿನ ಬಿಟ್ಟು ಮತ್ತೆ ಅದನ್ನೇ ಕೇಳುತ್ತಾರೆ.

ಇದರ ಎದುರು ಧಾರವಾಡದ ಒಂದು ಅಡುಗೆಮನೆಯನ್ನು ಇಡುತ್ತೇನೆ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮಾಡಿ ಮಾರುವ ಗೃಹಿಣಿ ಅವರು. ಇನ್‌ಸ್ಟಾಗ್ರಾಂ ಪುಟವನ್ನು ಮಗಳು ಮಾಡಿಕೊಟ್ಟಿದ್ದಾಳೆ, ಆರ್ಡರ್ ಎಲ್ಲ ವಾಟ್ಸ್‌ಆ್ಯಪಿನಲ್ಲಿ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಫೋನನ್ನು ಡಬ್ಬಿಗೆ ಒರಗಿಸಿಟ್ಟು ಗಿರಾಕಿಗಳ ಧ್ವನಿಸಂದೇಶಗಳನ್ನು ಒಂದೊಂದಾಗಿ ಕೇಳುತ್ತಾರೆ. ನಾನು ಹೋದಾಗ ಪುಣೆಯಿಂದ ಒಬ್ಬರು ಮಾತಾಡಿದ್ದು ಓಡುತ್ತಿತ್ತು: ‘ಅಕ್ಕಾರ, ಈ ಸಲ ಶೇಂಗಾ ಚಟ್ನಿಯಾಗ ಬಳ್ಳೊಳ್ಳಿ ವಾಸನಿ ಕಮ್ಮಿ ಆಗೇತಲ್ರೀ.’ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಅವರು ಒಂದು ಸಣ್ಣ ಗೀಟು ಎಳೆದರು. ಅಲ್ಲಿ ಆಗಲೇ ಎರಡು ಗೀಟು ಇದ್ದವು.

‘ಒಬ್ರು ಹೇಳಿದ್ರ ಅವರ ನಾಲಿಗಿ ಅಂತೇನ್ರೀ. ಮೂರು ಮಂದಿ ಹೇಳಿದ್ರ ತಪ್ಪು ನಂದ.’ ವಿಚಾರಿಸಿದರೆ, ಅಂಗಡಿ ಬದಲಿಸಿ ದಪ್ಪ ಎಸಳಿನ ಬೆಳ್ಳುಳ್ಳಿ ತಂದಿದ್ದರು. ಸುಲಿಯಲು ಸುಲಭ, ಘಾಟು ಕಡಿಮೆ. ಮುಂದಿನ ವಾರ ಅವರ ಪುಟದಲ್ಲಿ ಸಣ್ಣ ಗಡ್ಡೆ ಬೆಳ್ಳುಳ್ಳಿಯ ರಾಶಿಯ ಫೋಟೊ ಇತ್ತು, ಮೊದಲಿನ ಬಳ್ಳೊಳ್ಳಿ ಬಂದೇತಿ ಎಂಬ ಒಂದು ಸಾಲೂ ಇತ್ತು. ಆ ಮೂವರಿಗೂ ಕಾಲು ಕಿಲೊ ಚಟ್ನಿ ಪುಕ್ಕಟೆ ಹೋಯಿತು. ಹೃದಯದ ಚಿತ್ರ ಇರಲಿಲ್ಲ.

ಸಣ್ಣ ವ್ಯಾಪಾರಕ್ಕೆ ಇದು ಸರಿ, ಕೋಟಿ ಗಿರಾಕಿ ಇರುವವರು ಕ್ಯಾಲೆಂಡರಿನಲ್ಲಿ ಗೀಟು ಎಳೆಯುತ್ತಾ ಕೂರಲಾದೀತೇ ಎಂದು ಕೇಳಬಹುದು. ಬೋರ್ನ್‌ವಿಟಾದ ಕಥೆ ನೋಡಿ. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್‌ಸಿಂಗ್ಕಾ ಎಂಬುವರು ಅದರಲ್ಲಿನ ಸಕ್ಕರೆಯ ಬಗ್ಗೆ ಒಂದು ವಿಡಿಯೊ ಹಾಕಿದರು. ಕಂಪನಿ ವಕೀಲರ ನೋಟಿಸ್ ಕಳಿಸಿತು, ಅವರು ವಿಡಿಯೊ ಅಳಿಸಿದರು. ಅಳಿಸಿದ ಮೇಲೇ ಅದು ಹೆಚ್ಚು ಜನರನ್ನು ತಲುಪಿತು. ಅದೇ ವರ್ಷದ ಕೊನೆಗೆ ಕಂಪನಿ ಸಕ್ಕರೆಯನ್ನು ಶೇ 14ರಷ್ಟು ಇಳಿಸಿತು. ಮರುವರ್ಷ ಏಪ್ರಿಲ್‌ನಲ್ಲಿ, ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಪಟ್ಟಿಯಿಂದ ತೆಗೆಯಿರಿ ಎಂದು ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಸಕ್ಕರೆ ಇಳಿಸಲು ಆಗುತ್ತಿತ್ತು ಎಂದಾದ ಮೇಲೆ ಮೊದಲೇ ಇಳಿಸಬಹುದಾಗಿತ್ತಲ್ಲ. ವಕೀಲರ ಫೀಸಾದರೂ ಉಳಿಯುತ್ತಿತ್ತು.

ಭಾಷೆಯ ವಿಷಯದಲ್ಲೂ ದೊಡ್ಡವರು ಕೇಳಿದ್ದುಂಟು. ಕನ್ನಡದಲ್ಲಿ ಸೇವೆ ಕೊಡಿ ಎಂದು ಗ್ರಾಹಕರು ವರ್ಷಗಟ್ಟಲೆ ಬರೆದ ಮೇಲೆ, 2020ರಲ್ಲಿ ಮೊದಲು ಫ್ಲಿಪ್‌ಕಾರ್ಟ್, ಮೂರು ತಿಂಗಳ ಅಂತರದಲ್ಲಿ ಅಮೆಜಾನ್ ತಮ್ಮ ಆ್ಯಪ್‌ಗಳಿಗೆ ಕನ್ನಡ ತಂದವು. 2025ರ ಮೇನಲ್ಲಿ ಆನೇಕಲ್ ತಾಲ್ಲೂಕಿನ ಬ್ಯಾಂಕ್ ಶಾಖೆಯೊಂದರಲ್ಲಿ ಕನ್ನಡ ಮಾತಾಡುವುದಿಲ್ಲ ಎಂದ ವ್ಯವಸ್ಥಾಪಕಿಯ ವಿಡಿಯೊ ಹರಡಿದಾಗ, ಬ್ಯಾಂಕ್ ಸಿಬ್ಬಂದಿಗೆ ಭಾಷೆಯ ತರಬೇತಿ ಕೊಡಿ ಎಂದು ಮುಖ್ಯಮಂತ್ರಿಯೇ ಬರೆಯಬೇಕಾಯಿತು. ಆ್ಯಪಿಗೆ ಕನ್ನಡ ಕಲಿಸಿದಷ್ಟು ಬೇಗ ಕೌಂಟರಿಗೆ ಕಲಿಸಲು ಆಗಿಲ್ಲ.

ನನ್ನ ಮಿಕ್ಸಿ? ಹಬ್ಬ ಕಳೆದ ಮೇಲೆ ಬೀದಿ ಕೊನೆಯ ರಿಪೇರಿ ಅಂಗಡಿಗೆ ಒಯ್ದೆ. ‘ಕಪ್ಲರ್ ಹೋಗಿದೆ ಸರ್, ಈ ಮಾಡೆಲ್ಲಲ್ಲಿ ಎಲ್ಲಾ ಹಿಂಗೇ. ಈ ತಿಂಗ್ಳಲ್ಲಿ ಇದು ಒಂಬತ್ತನೇದು’ ಎಂದು ಅಂಗಡಿಯಾತ ಹತ್ತು ನಿಮಿಷದಲ್ಲಿ ಹಾಕಿಕೊಟ್ಟ. ತೆಗೆದುಕೊಂಡದ್ದು ಎಂಬತ್ತು ರೂಪಾಯಿ. ಒಂಬತ್ತು ಎಂಬ ಆ ಸಂಖ್ಯೆಗಾಗಿ ಕಂಪನಿ ಲಕ್ಷಗಟ್ಟಲೆ ಸುರಿದು ತಂತ್ರಾಂಶ ಕೊಂಡಿರುತ್ತದೆ. ಈ ಅಂಗಡಿಯ ಕಡೆಗೆ ಅವರ ಪೈಕಿ ಒಬ್ಬರೂ ಬಂದದ್ದಿಲ್ಲವಂತೆ.

ಓದುಗರಲ್ಲಿ ಒಂದು ಮಾತು. ಜಾಲತಾಣದಲ್ಲಿ ದೂರು ಬರೆಯುವಾಗ ಕನ್ನಡದಲ್ಲೇ ಬರೆಯಿರಿ, ಆದರೆ ನನ್ನಂತೆ ವ್ಯಂಗ್ಯ ಮಾಡಬೇಡಿ. ವಸ್ತು, ಕೊಂಡ ದಿನ, ಕೆಟ್ಟದ್ದೇನು ಎಂದು ನೇರ ಹೇಳಿ. ಬಿಲ್ಲಿನ ಫೋಟೊವನ್ನೂ ಫೋನ್ ನಂಬರನ್ನೂ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ದೂರು ಕಂಡ ಕೂಡಲೇ ಕಂಪನಿಯ ಹೆಸರಿನ ನಕಲಿ ಖಾತೆಗಳು ಸಹಾಯವಾಣಿಯ ನಂಬರು ಹಿಡಿದು ಬರುತ್ತವೆ. ಒಟಿಪಿ ಕೇಳಿದರೆ ಕಳ್ಳರೆಂದೇ ತಿಳಿಯಿರಿ. ಕಂಪನಿ ಹೃದಯದ ಚಿತ್ರ ಕಳಿಸಿ ಸುಮ್ಮನಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದರ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು.